ಹೆಸರು, ಭಟ್ಟಿ, ಬಾಡಿಗೆ: ನ್ಯೂಯಾರ್ಕಿನ ಒಂದು ಪಿಜ್ಜಾ ಕುಟುಂಬದ ವ್ಯವಹಾರ ಚರಿತ್ರೆ

ಕುಟುಂಬದ ಒಡೆತನದಲ್ಲಿ ನಡೆದುಬಂದ ಅಂಗಡಿಯೊಂದು ಕೈ ಬದಲಾಯಿಸುವಾಗ ನಿಜವಾಗಿ ಮಾರಾಟವಾಗುವುದು ಯಾವುದು? ದಾಸ್ತಾನು, ಪೀಠೋಪಕರಣ, ಬರಬೇಕಾದ ಬಾಕಿ, ಇವುಗಳಿಗೆ ಬೆಲೆ ಕಟ್ಟುವುದು ವರ್ತಕರಿಗೆ ಕರತಲಾಮಲಕ. ಹೆಸರಿಗೆ, ಸ್ಥಳಕ್ಕೆ, ಮಾರಿದವನ ಕೈಗುಣಕ್ಕೆ ಬೆಲೆ ಕಟ್ಟುವಲ್ಲಿ ಮಾತ್ರ ಲೆಕ್ಕ ತಪ್ಪುವುದುಂಟು. ನ್ಯೂಯಾರ್ಕ್ ನಗರದ ಗ್ರಿಮಾಲ್ಡಿ ಕುಟುಂಬದ ಪಿಜ್ಜಾ ಉಪಾಹಾರಗೃಹದ ಚರಿತ್ರೆ ಈ ದೃಷ್ಟಿಯಿಂದ ಅಭ್ಯಾಸಯೋಗ್ಯವಾಗಿದೆ.

ಇಟಲಿಯ ವಲಸಿಗರು ದಟ್ಟವಾಗಿ ನೆಲೆಸಿದ್ದ ಈಸ್ಟ್ ಹಾರ್ಲೆಮ್ ಬಡಾವಣೆಯಲ್ಲಿ 1933ರಲ್ಲಿ ಪ್ಯಾಟ್ಸಿ ಲಾನ್ಸಿಯೇರಿ ಎಂಬವರು 'ಪ್ಯಾಟ್ಸೀಸ್' ಎಂಬ ಹೆಸರಿನಲ್ಲಿ ಪಿಜ್ಜಾ ಅಂಗಡಿಯನ್ನು ತೆರೆದರು. 1931ರಲ್ಲಿ ಜನಿಸಿದ ಅವರ ಸೋದರಳಿಯ ಪ್ಯಾಟ್ಸಿ ಗ್ರಿಮಾಲ್ಡಿ ಹತ್ತು ವರ್ಷದ ಹುಡುಗನಾಗಿದ್ದಾಗಲೇ ಅಲ್ಲಿ ಕೆಲಸಕ್ಕೆ ನಿಂತರು. ಸೋದರಮಾವನ ಭಟ್ಟಿಯ ಮುಂದೆ ಕಲಿತ ವಿದ್ಯೆ ಅವರನ್ನು ಕೊನೆಯವರೆಗೂ ಬಿಡಲಿಲ್ಲ.

ಈ ಭಟ್ಟಿಯ ವಿಷಯವನ್ನು ಸ್ವಲ್ಪ ವಿವರಿಸಬೇಕು. ಅದು ಕಲ್ಲಿದ್ದಲಿನಿಂದ ಉರಿಯುವ ಇಟ್ಟಿಗೆಯ ಭಟ್ಟಿ. ಅನಿಲದ ಒಲೆಗಿಂತ ಬಹಳ ಹೆಚ್ಚಿನ ಶಾಖದಲ್ಲಿ, ಕೆಲವೇ ನಿಮಿಷಗಳಲ್ಲಿ ಪಿಜ್ಜಾ ಬೇಯುತ್ತದೆ. ಅಂಚು ಅಲ್ಲಲ್ಲಿ ಕರಿಯಾಗಿ ಗರಿಗರಿಯಾಗುತ್ತದೆ, ಒಳಭಾಗ ಮೆತ್ತಗಿರುತ್ತದೆ. ಗಿರಾಕಿ ಸಾಲುಗಟ್ಟಿ ನಿಲ್ಲುವುದು ಈ ಗುಣಕ್ಕಾಗಿ. ಆದರೆ ಇಟ್ಟಿಗೆಯ ಭಟ್ಟಿಯನ್ನು ಯಂತ್ರದಂತೆ ಲಾರಿಗೇರಿಸಿ ಒಯ್ಯಲಾಗದು. ಹೊಗೆಯ ನಿಯಮಗಳಿಂದಾಗಿ ನ್ಯೂಯಾರ್ಕಿನಲ್ಲಿ ಹೊಸದನ್ನು ಕಟ್ಟಲು ಅನುಮತಿ ಪಡೆಯುವುದೂ ಸುಲಭವಲ್ಲ. 2024ರಲ್ಲಿ ಜಾರಿಗೆ ಬಂದ ನಗರದ ನಿಯಮವು ಹಳೆಯ ಭಟ್ಟಿಗಳು ಹೊಗೆಯ ಕಣಗಳನ್ನು ಶೇ. 75ರಷ್ಟು ತಗ್ಗಿಸಬೇಕೆಂದು ವಿಧಿಸಿತು. ಎಂದರೆ, ಉದ್ಯಮದ ಅತಿ ಮುಖ್ಯ ಸಲಕರಣೆ ಪರರ ಕಟ್ಟಡಕ್ಕೆ ಅಂಟಿಕೊಂಡಿರುತ್ತದೆ.

1990ರಲ್ಲಿ, ಅರವತ್ತರ ಹೊಸ್ತಿಲಲ್ಲಿ, ಗ್ರಿಮಾಲ್ಡಿಯವರು ಪತ್ನಿ ಕ್ಯಾರಲ್ ಅವರೊಡನೆ ಬ್ರೂಕ್ಲಿನ್ ಸೇತುವೆಯ ಬುಡದಲ್ಲಿ, ಓಲ್ಡ್ ಫುಲ್ಟನ್ ಬೀದಿಯ 19ನೇ ನಂಬರಿನ ಬಾಡಿಗೆ ಮಳಿಗೆಯಲ್ಲಿ ಅಂತಹ ಭಟ್ಟಿ ಕಟ್ಟಿಸಿ ಸ್ವಂತ ಅಂಗಡಿ ತೆರೆದರು. ಹೆಸರು ಮತ್ತೆ 'ಪ್ಯಾಟ್ಸೀಸ್'. ಮಾವನ ಹೆಸರೂ ಅದೇ, ತಮ್ಮ ಹೆಸರೂ ಅದೇ, ಆಕ್ಷೇಪಿಸುವವರು ಯಾರು? ಮರುವರ್ಷವೇ ಮಾವನ ವಿಧವೆ ಈಸ್ಟ್ ಹಾರ್ಲೆಮ್‌ನ ಮೂಲ ಅಂಗಡಿಯನ್ನು ಸೋದರಳಿಯನಿಗಲ್ಲ, ಬಹುಕಾಲ ಅಲ್ಲಿಯೇ ದುಡಿದ ನೌಕರರಿಗೆ ಮಾರಿದರು. ಕೊಂಡವರು ಆ ಹೆಸರನ್ನು ಪರವಾನಗಿಯ ಮೇಲೆ ಇತರರಿಗೂ ಕೊಡತೊಡಗಿದರು. 1990ರ ದಶಕದ ಮಧ್ಯಭಾಗದಲ್ಲಿ ಪ್ಯಾಟ್ಸಿ ಗ್ರಿಮಾಲ್ಡಿಯವರು ತಮ್ಮ ಅಂಗಡಿಯಿಂದ ತಮ್ಮದೇ ಹೆಸರನ್ನು ಇಳಿಸಬೇಕಾಯಿತು. ಫಲಕ 'ಗ್ರಿಮಾಲ್ಡೀಸ್' ಎಂದಾಯಿತು. ಹೆಸರು ಕೊಂಡವರಿಗೂ ನೆಮ್ಮದಿ ದೊರೆಯಲಿಲ್ಲ. ಮ್ಯಾನ್‌ಹಟನ್‌ನಲ್ಲಿ 1944ರಿಂದ ಇದೇ ಹೆಸರಿನ ಇಟಾಲಿಯನ್ ಭೋಜನಗೃಹವೊಂದಿತ್ತು. ಸೀಸೆಯಲ್ಲಿ ತುಂಬಿ ಮಾರುವ ಸಾಸ್‌ನ ವಿಷಯದಲ್ಲಿ 2003ರಲ್ಲಿ ಮೇಲ್ಮನವಿ ನ್ಯಾಯಾಲಯವು ಆ ಭೋಜನಗೃಹದ ಪರವಾಗಿ ತೀರ್ಪಿತ್ತಿತು. ಹೆಸರಿನ ಕುರಿತ ವ್ಯಾಜ್ಯ 2011ರವರೆಗೂ ಎಳೆಯಿತು.

1998ರಲ್ಲಿ ಗ್ರಿಮಾಲ್ಡಿ ದಂಪತಿಗಳು ನಿವೃತ್ತರಾಗಲೆಂದು ಅಂಗಡಿಯನ್ನು ಬೇರೊಬ್ಬ ಉದ್ಯಮಿಗೆ ಮಾರಿದರು. ಹೆಸರೂ ಜೊತೆಯಲ್ಲೇ ಹೋಯಿತು. ಕೊಂಡವರು ಅದನ್ನು ಅಮೆರಿಕದ ಹಲವು ರಾಜ್ಯಗಳಿಗೆ ವಿಸ್ತರಿಸಿದರು. ವ್ಯಾಪಾರದ ದೃಷ್ಟಿಯಿಂದ ಅವರ ಸಾಧನೆ ಕಡಿಮೆಯದಲ್ಲ. ಆದರೆ ಮೂಲ ಮಳಿಗೆಯ ಮಾಲೀಕರೊಡನೆ ಬಾಡಿಗೆಯ ವಿಷಯದಲ್ಲಿ ಮನಸ್ತಾಪ ಬೆಳೆದು, 2011ರಲ್ಲಿ ಗುತ್ತಿಗೆ ನವೀಕರಣವಾಗಲಿಲ್ಲ. 'ಗ್ರಿಮಾಲ್ಡೀಸ್' ಪಕ್ಕದ ಕಟ್ಟಡಕ್ಕೆ ಸ್ಥಳಾಂತರಗೊಂಡಿತು. ಭಟ್ಟಿ ಹಳೆಯ ಮಳಿಗೆಯಲ್ಲೇ ಉಳಿಯಿತು.

ತೆರವಾದ ಆ ಮಳಿಗೆಯನ್ನು ಬಾಡಿಗೆಗೆ ಹಿಡಿದವರು ಬೇರಾರೂ ಅಲ್ಲ, ಎಂಬತ್ತು ದಾಟಿದ್ದ ಗ್ರಿಮಾಲ್ಡಿಯವರೇ. 2012ರಲ್ಲಿ ಅವರು ತಾಯಿಯ ಹೆಸರಿನಲ್ಲಿ 'ಜೂಲಿಯಾನಾಸ್' ತೆರೆದರು. ಅಕ್ಕಪಕ್ಕದಲ್ಲಿ ಎರಡು ಅಂಗಡಿಗಳು: ಒಂದರಲ್ಲಿ ಗ್ರಿಮಾಲ್ಡಿಯವರ ಹೆಸರು, ಇನ್ನೊಂದರಲ್ಲಿ ಅವರ ಕೈ ಮತ್ತು ಭಟ್ಟಿ. ಗ್ರಿಮಾಲ್ಡಿಯವರು 2025ರಲ್ಲಿ ನಿಧನರಾದರು.

ಹದಿನಾಲ್ಕು ವರ್ಷಗಳ ನಂತರ ಮಾರಿದವನೇ ಗೋಡೆಯ ಆಚೆ ಪ್ರತಿಸ್ಪರ್ಧಿಯಾಗಿ ನಿಲ್ಲಬಹುದೆಂದು ಕೊಂಡವರು ಎಣಿಸಿರಲಾರರು. ನಮ್ಮಲ್ಲಿ ಇಂತಹ ಸಂದರ್ಭಕ್ಕೆ ಕಾನೂನಿನ ಆಸರೆಯಿದೆ. ವ್ಯಾಪಾರವನ್ನು ನಿರ್ಬಂಧಿಸುವ ಒಪ್ಪಂದಗಳು ಭಾರತೀಯ ಕರಾರು ಅಧಿನಿಯಮ, 1872ರ 27ನೇ ಪ್ರಕರಣದಂತೆ ಸಾಮಾನ್ಯವಾಗಿ ಅಸಿಂಧು. ಆದರೆ ಕೀರ್ತಿಮೌಲ್ಯವನ್ನು, ಎಂದರೆ ಗುಡ್‌ವಿಲ್ಲನ್ನು, ಮಾರಿದವನು ನಿರ್ದಿಷ್ಟ ಸ್ಥಳೀಯ ಮಿತಿಯೊಳಗೆ ಅದೇ ಬಗೆಯ ವ್ಯಾಪಾರ ಮಾಡುವುದಿಲ್ಲವೆಂದು ಬರೆದುಕೊಡುವುದಕ್ಕೆ ಅದೇ ಪ್ರಕರಣ ವಿನಾಯಿತಿ ನೀಡಿದೆ. ಮಿತಿ ನ್ಯಾಯಯುತವಾಗಿರಬೇಕು, ಕೊಂಡವನು ಅಲ್ಲಿ ಆ ವ್ಯಾಪಾರವನ್ನು ನಡೆಸುತ್ತಿರಬೇಕು. ಕ್ರಯಪತ್ರದಲ್ಲಿ ಈ ಷರತ್ತು ಇಲ್ಲದಿದ್ದರೆ ವಿನಾಯಿತಿಯ ಪ್ರಯೋಜನವಿಲ್ಲ.

ಹೆಸರಿನ ಮಾತಿಗೆ ಬಂದರೆ, ವ್ಯಾಪಾರ ಚಿಹ್ನೆಗಳ ಅಧಿನಿಯಮ, 1999ರ 35ನೇ ಪ್ರಕರಣವು ಪ್ರಾಮಾಣಿಕವಾಗಿ ಸ್ವಂತ ಹೆಸರನ್ನು ಬಳಸುವವನಿಗೆ ರಕ್ಷಣೆ ನೀಡುತ್ತದೆ. ಪ್ರಾಮಾಣಿಕತೆಯನ್ನು ನ್ಯಾಯಾಲಯದಲ್ಲಿ ಸಾಬೀತುಪಡಿಸುವ ಖರ್ಚಿಗಿಂತ, ತಂದೆಯವರು ಬದುಕಿರುವಾಗಲೇ ಹೆಸರು ಯಾವ ಮಗನಿಗೆ, ಯಾವ ಊರಿಗೆ ಎಂಬುದನ್ನು ಬರೆದಿಟ್ಟು ಹತ್ತು ವರ್ಷಗಳ ನೋಂದಣಿ ಮಾಡಿಸುವ ಖರ್ಚು ಬಹಳ ಕಡಿಮೆ. ಬಾಡಿಗೆಯದು ಇನ್ನೂ ಸೂಕ್ಷ್ಮ. ಹನ್ನೊಂದು ತಿಂಗಳ ಕರಾರಿನ ಮೇಲೆ ಲಕ್ಷಾಂತರ ರೂಪಾಯಿಯ ಭಟ್ಟಿ ಕಟ್ಟಿಸಿದ ಬೇಕರಿಗಳು, ಬಾಯ್ಲರ್ ಕೂರಿಸಿದ ಘಟಕಗಳು ನಮ್ಮಲ್ಲೂ ಉಂಟು. ಒಂದು ವರ್ಷಕ್ಕೆ ಮೀರಿದ ಗುತ್ತಿಗೆಯನ್ನು ನೋಂದಾಯಿಸಲೇಬೇಕೆಂಬ ನಿಯಮಕ್ಕೂ ಮುದ್ರಾಂಕ ಶುಲ್ಕಕ್ಕೂ ಅಂಜಿ ಈ ರೂಢಿ ಬೆಳೆದಿದೆ. ಉಳಿತಾಯವಾದ ಶುಲ್ಕವನ್ನು ಭಟ್ಟಿಯ ಬೆಲೆಯೊಡನೆ ಒಮ್ಮೆ ಹೋಲಿಸಿ ನೋಡುವುದು ಉಚಿತ.