ದಿಕ್ಕು ನೋಡಿ ಕೂರಿಸುವ ಆಂಟೆನಾ

ದೂರದರ್ಶನದ ಕಾಲದಲ್ಲಿ ತಾರಸಿ ಮೇಲೊಬ್ಬರು ಅಲ್ಯೂಮಿನಿಯಂ ಆಂಟೆನಾವನ್ನು ಬೆಂಗಳೂರಿನ ಕಡೆಗೆ ತಿರುಗಿಸುವುದು, ಕೆಳಗಿನಿಂದ ಇನ್ನೊಬ್ಬರು ‘ಬಂತು ಬಂತು... ಅಯ್ಯೋ, ಹೋಯ್ತು’ ಎಂದು ಕೂಗುವುದು ನೆನಪಿದ್ದವರಿಗೆ ಈ ಪಾಠ ಅರ್ಧ ಗೊತ್ತಿದ್ದಂತೆಯೇ. ಅಡ್ಡಕಡ್ಡಿಗಳ ಆ ಆಂಟೆನಾದ ಮೂಲ ವಿನ್ಯಾಸ ಜಪಾನಿನ ಉಡಾ ಮತ್ತು ಯಾಗಿ ಅವರದು, 1926ರ ಸುಮಾರಿನದು. ವೈ-ಫೈಗೂ ಅದೇ ತತ್ವ ಸಾಕು.

ಮನೆಯ ರೌಟರ್‌ನ ಕಡ್ಡಿ ಆಂಟೆನಾ ತನ್ನ ಸುತ್ತಲೂ ಅಲೆ ಹರಡುತ್ತದೆ. ಡಿಶ್ ಅಥವಾ ಯಾಗಿ ಅದೇ ಶಕ್ತಿಯನ್ನು ಒಂದೇ ಕಡೆಗೆ ಕೂಡಿಸುತ್ತದೆ. ಗಣಿ ಕಾರ್ಮಿಕರ ತಲೆದೀಪದಲ್ಲಿ ಸಣ್ಣ ಬಲ್ಬಿನ ಬೆಳಕು ಹಿಂದಿನ ಪ್ರತಿಫಲಕದಿಂದ ಮುಂದಕ್ಕೇ ಬೀಳುತ್ತಿತ್ತಲ್ಲ, ಹಾಗೆ. ಹೊಸ ಶಕ್ತಿಯೇನೂ ಹುಟ್ಟುವುದಿಲ್ಲ. ಈ ಕೂಡಿಸುವಿಕೆಯ ಅಳತೆಗೆ ‘ಗೇನ್’ ಎನ್ನುತ್ತಾರೆ, ಡಿಬಿಐನಲ್ಲಿ ಹೇಳುತ್ತಾರೆ. 3 ಹೆಚ್ಚಿದರೆ ಎರಡು ಪಟ್ಟು, 24 ಎಂದರೆ ಸುಮಾರು 250 ಪಟ್ಟು.

ರಾಬರ್ಟ್‌ಸನ್‌ಪೇಟೆಯ ಒಂದು ಅಂಗಡಿಗೂ ಬಂಗಾರಪೇಟೆಯ ಅದರ ಗೋದಾಮಿಗೂ ವೈ-ಫೈ ಸಂಪರ್ಕ ಬೇಕು, ನಡುವೆ 12 ಕಿಲೋಮೀಟರ್ ಎಂದುಕೊಳ್ಳೋಣ. 2.4 ಗಿಗಾಹರ್ಟ್ಸ್‌ನಲ್ಲಿ ಎರಡೂ ಕಡೆ 24 ಡಿಬಿಐ ಡಿಶ್. ಲೈಸೆನ್ಸ್ ಇಲ್ಲದೆ ಬಳಸುವವರಿಗೆ 2005ರ ನಿಯಮದಂತೆ ಆಂಟೆನಾದ ಗೇನ್ ಸೇರಿಸಿ 4 ವ್ಯಾಟ್ ಮಿತಿ. ಅಂದರೆ ಈ ಡಿಶ್ ಹಾಕಿದವರು ರೇಡಿಯೊದ ಶಕ್ತಿಯನ್ನು ಸುಮಾರು 16 ಮಿಲಿವ್ಯಾಟ್‌ಗೆ ಇಳಿಸಬೇಕು! ಹಾಗಾದರೆ ಡಿಶ್‌ನಿಂದ ಏನು ಬಂತು ಲಾಭ? ಲಾಭವೆಲ್ಲ ಕೇಳಿಸಿಕೊಳ್ಳುವ ಬದಿಯಲ್ಲಿದೆ. ಅಲ್ಲಿನ 250 ಪಟ್ಟಿಗೆ ಯಾವ ಮಿತಿಯೂ ಇಲ್ಲ.

ಅಂಗಡಿಯವರು ‘ರೇಂಜ್ ಎಷ್ಟು’ ಎಂದಷ್ಟೇ ಹೇಳಿ ಮಾರುತ್ತಾರೆ. ನನ್ನ ಪ್ರಕಾರ ಸೇವೆಯ ಗುಣಮಟ್ಟಕ್ಕೆ ಅದಕ್ಕಿಂತ ದೊಡ್ಡದು ಬೇರೆಯವರ ಮಾತು ಕಿವಿಗೆ ಬೀಳದಿರುವುದು. ವೈ-ಫೈ ರೇಡಿಯೊ ಮಾತಾಡುವ ಮೊದಲು ಆಲಿಸುತ್ತದೆ, ಅದೇ ಚಾನೆಲ್‌ನಲ್ಲಿ ಯಾರಾದರೂ ಮಾತಾಡುತ್ತಿದ್ದರೆ ಕಾಯುತ್ತದೆ. ಪೇಟೆಯ ನಡುವೆ ಕಡ್ಡಿ ಆಂಟೆನಾ ಹಾಕಿದರೆ ಬೀದಿಯ ರೌಟರ್‌ಗಳೆಲ್ಲ ಕೇಳಿಸುತ್ತವೆ, ಕಾಯುತ್ತಲೇ ಇರಬೇಕಾಗುತ್ತದೆ. ವಿಡಿಯೊ ಕರೆಯಲ್ಲಿ ಮಾತು ತುಂಡುತುಂಡಾಗುವುದಕ್ಕೆ ಇದೊಂದು ಮುಖ್ಯ ಕಾರಣ. ಡಿಶ್‌ಗೆ ಅಕ್ಕಪಕ್ಕದ ಗದ್ದಲ ತೀರಾ ಕ್ಷೀಣವಾಗಿ ಕೇಳಿಸುತ್ತದೆ, ಕಾಯುವುದೂ ತಪ್ಪುತ್ತದೆ. ಇದರಲ್ಲೊಂದು ತೊಡಕೂ ಉಂಟು: ಪಕ್ಕದವರು ಮಾತಾಡುತ್ತಿರುವುದು ತಿಳಿಯದೆ ನಾವೂ ಶುರುಮಾಡಿ ಅವರಿಗೆ ಅಡ್ಡಿಯಾಗಬಹುದು. ಖಾಲಿ ಚಾನೆಲ್ ಹುಡುಕಿಕೊಳ್ಳುವುದು ಒಳ್ಳೆಯದು.

ನಡುವೆ ನೇರ ನೋಟ ಇರಲೇಬೇಕು. ರಾಬರ್ಟ್‌ಸನ್‌ಪೇಟೆ ಇರುವ ಕೆ.ಜಿ.ಎಫ್.ನಲ್ಲಿ (ಕೋಲಾರದ ಚಿನ್ನದ ಗಣಿ ಪ್ರದೇಶ) ಗಣಿ ತ್ಯಾಜ್ಯದ ಸೈನೈಡ್ ದಿಬ್ಬಗಳು ಇದಕ್ಕೆ ದೊಡ್ಡ ಅಡ್ಡಿ. ದಿಬ್ಬದ ನೆತ್ತಿಯ ಮೇಲಿಂದ ಆಚೆಯ ಕಂಬ ಕಣ್ಣಿಗೆ ಕಂಡರಷ್ಟೇ ಸಾಲದು. ಅಲೆಗೆ ಸುತ್ತಲೂ ಜಾಗ ಬೇಕು, ನಮ್ಮ ಲೆಕ್ಕದಲ್ಲಿ ನಟ್ಟನಡುವೆ ಸುಮಾರು 19 ಮೀಟರ್. ಅದರಲ್ಲಿ ಹೆಚ್ಚಿನ ಪಾಲಾದರೂ ತೆರವಾಗಿರಲಿ.

ಡಿಶ್ ತಿರುಗಿಸುವಾಗ ಹೊಸಬರು ಒಂದು ಕಡೆ ಮೋಸಹೋಗುತ್ತಾರೆ. ಮುಖ್ಯ ಕಿರಣದ ಆಚೀಚೆ ಸಣ್ಣ ಉಪಕಿರಣಗಳಿರುತ್ತವೆ. ಅದರಲ್ಲೊಂದಕ್ಕೆ ಸಿಕ್ಕಿ ‘ಸಿಗ್ನಲ್ ಬಂತು’ ಎಂದು ಬೋಲ್ಟ್ ಬಿಗಿದುಬಿಡುತ್ತಾರೆ. ಆದ್ದರಿಂದ ತಾರಸಿ ಹತ್ತುವ ಮೊದಲೇ ಲೆಕ್ಕ ಮಾಡಿಕೊಳ್ಳಿ: ನಮ್ಮ ಉದಾಹರಣೆಯಲ್ಲಿ ರೇಡಿಯೊ ತೋರಿಸುವ ಸಿಗ್ನಲ್ ಬಲ ಸುಮಾರು ಮೈನಸ್ 62 ಡಿಬಿಎಂ ಬರಬೇಕು (ಸೊನ್ನೆಗೆ ಹತ್ತಿರವಾದಷ್ಟೂ ಬಲ ಹೆಚ್ಚು). ಮೈನಸ್ 80 ತೋರಿಸಿದರೆ ಇನ್ನೂ ತಿರುಗಿಸಿ. ಬಂಗಾರಪೇಟೆ ತಲುಪುವಷ್ಟರಲ್ಲಿ ಕಿರಣ ಒಂದೂವರೆ ಕಿಲೋಮೀಟರಿನಷ್ಟು ಅಗಲವಾಗಿರುತ್ತದೆ, ಹಾಗಾಗಿ ಕೈಗೂಡದ ಕೆಲಸವೇನಲ್ಲ. ಒಂದು ಡಿಶ್‌ನ ಅಲೆ ಲಂಬವಾಗಿ, ಇನ್ನೊಂದರದು ಅಡ್ಡವಾಗಿ ಕಂಪಿಸುವಂತೆ ಕೂರಿಸಿಲ್ಲವೆಂದೂ ನೋಡಿಕೊಳ್ಳಿ.

ಆಂಟೆನಾವನ್ನು ಕದಲಿಸದೆಯೇ ಕಿರಣ ತಿರುಗಿಸುವ ವಿದ್ಯೆಯೂ ಇದೆ. ಹಿಂದೆ ಕೋಲಾರ ಜಿಲ್ಲೆಯಲ್ಲೇ ಇದ್ದ ಗೌರಿಬಿದನೂರಿನಲ್ಲಿ ನೆಲದಲ್ಲಿ ಸಾಲಾಗಿ ನೆಟ್ಟ 1000 ಡೈಪೋಲ್‌ಗಳ ರೇಡಿಯೊ ದೂರದರ್ಶಕ 1970ರ ದಶಕದಿಂದಲೇ ಹೀಗೆ ಆಕಾಶ ನೋಡಿದೆ. ಒಂದೊಂದು ಡೈಪೋಲಿನ ಸಂಕೇತವನ್ನೂ ಅಷ್ಟಷ್ಟು ತಡಮಾಡಿ ಕೂಡಿಸಿದರೆ ದಿಕ್ಕು ಬದಲಾಗುತ್ತದೆ. ಇಂದಿನ 5ಜಿ ಗೋಪುರಗಳೂ ಒಳ್ಳೆಯ ರೌಟರ್‌ಗಳೂ ಮಾಡುವುದು ಇದನ್ನೇ. ಮನೆಯೊಳಗೆ ಫೋನ್ ಹಿಡಿದು ಓಡಾಡುವವರಿಗೆ ಬೇಕಾದದ್ದು ಇಂಥ ರೌಟರ್. ಡಿಶ್ ಏನಿದ್ದರೂ ಕದಲದೆ ನಿಂತ ಎರಡು ಕಂಬಗಳ ನಡುವೆ.