ಕೊನೆಭಾಗದಲ್ಲಿ ನಿಂತು ಅಳೆ

ತಮ್ಮಾ, ಲೇಸರ್ ಬೆಳಕನ್ನು ಕನ್ನಡಿಗಳ ನಡುವೆ ಕೂಡಿಟ್ಟು ಎಕ್ಸ್‌ರೇ ಹುಟ್ಟಿಸುವ ವಿದ್ಯೆ ಕಲಿಯಲು ಹೊರಟಿದ್ದೀ. ಸಿಂಧನೂರಿನ ಹುಡುಗನಿಗೆ ಅದರ ಅರ್ಧ ಪಾಠ ಊರಲ್ಲೇ ಆಗಿದೆ.

ನಾಗರಪಂಚಮಿಯಲ್ಲಿ ತಂಗಿಯ ಜೋಕಾಲಿಯನ್ನು ಮೇಲಕ್ಕೇರಿಸಿದ್ದು ನಿನ್ನ ರಟ್ಟೆಯ ಬಲವಲ್ಲ, ಹೊತ್ತು ನೋಡಿ ಕೊಟ್ಟ ಸಣ್ಣ ಸಣ್ಣ ನೂಕು. ಬೆಳಕನ್ನು ಕೂಡಿಡುವ ಆ ಕನ್ನಡಿಗಳ ಆವರಣ, ಅಂದರೆ ಕ್ಯಾವಿಟಿಯೂ ಹಾಗೆಯೇ. ಲೇಸರಿನ ಒಂದು ಮಿಡಿತ ಸುತ್ತಿ ಮರಳುವ ಗಳಿಗೆಗೇ ಮುಂದಿನದು ಬಂದು ಕೂಡಬೇಕು. ಹಾಗೆ ತುಂಬಿಕೊಂಡ ಬೆಳಕಿಗೆ 25 ಎಂಇವಿ ಎಲೆಕ್ಟ್ರಾನ್ ಎದುರಾಗಿ ಬಡಿದರೆ ಬೆಳಕಿನ ಕಣದ ಶಕ್ತಿ ಸುಮಾರು ಹತ್ತು ಸಾವಿರ ಪಟ್ಟು ಏರಿ ಎಕ್ಸ್‌ರೇ ಆಗುತ್ತದೆ. ಎಕ್ಸ್‌ರೇ ಕೊಡುವ ಇಂದೋರಿನ ಇಂಡಸ್-2 ಎಲೆಕ್ಟ್ರಾನ್ ಉಂಗುರದ ಸುತ್ತಳತೆ 172.5 ಮೀಟರ್, ಮ್ಯೂನಿಕ್ ಬಳಿಯ ಗಾರ್ಶಿಂಗ್‌ನಲ್ಲಿ 2015ರಲ್ಲಿ ಆರಂಭವಾದ, ಹೀಗೆ ಬೆಳಕಿಗೆ ಎಲೆಕ್ಟ್ರಾನ್ ಬಡಿಸುವ ಯಂತ್ರದ ಉಂಗುರದ್ದು ಸುಮಾರು 4.6 ಮೀಟರ್. ಒಂದು ಕೋಣೆಯಲ್ಲಿ ಹಿಡಿಸುತ್ತದೆ.

ಬೆಳಕು ಸೋರದೆ ಕ್ಯಾವಿಟಿಯಲ್ಲಿ ಎಷ್ಟು ಸುತ್ತುತ್ತದೆಂದು ಸೂಚಿಸುವ ಫಿನೆಸ್ ಎಂಬ ಅಂಕಿಯ ಬೆನ್ನು ಹತ್ತಬೇಡ. ಅದು 10,000 ಆದರೆ ಬೆಳಕು ಮೂರು ಸಾವಿರ ಪಟ್ಟು ಹೆಚ್ಚಬಹುದು, ನಿಜ. ಆದರೆ ಆಗ ಕ್ಯಾವಿಟಿಯ ಸುತ್ತಳತೆಯನ್ನು ಒಂದು ಪರಮಾಣುವಿನ ಅಗಲದೊಳಗೇ ಹಿಡಿದು ನಿಲ್ಲಿಸಬೇಕು. ಪಂಪು ಅದುರಿದರೂ ಲಯ ತಪ್ಪುತ್ತದೆ. ಹಿಡಿದು ನಿಲ್ಲಿಸಬಲ್ಲಷ್ಟನ್ನೇ ಆರಿಸಿಕೋ.

ಬೆಳಕು ಒಳಬರುವ ಬಾಗಿಲಾದ ಕನ್ನಡಿ ಹಾಯಗೊಡುವ ಪಾಲು ಉಳಿದೆಲ್ಲ ಸೋರಿಕೆಗೆ ಸಮವಾಗಿರಲಿ. ಇಲ್ಲವಾದರೆ ಬಂದ ಬೆಳಕಿನ ಒಂದು ಪಾಲು ಬಾಗಿಲಿಂದಲೇ ತಿರುಗಿ ಹೋಗುತ್ತದೆ. ಎರಡೇ ಕನ್ನಡಿಯಲ್ಲಿ ಬೆಳಕನ್ನು ಕೂದಲೆಳೆಗಿಂತ ಸಣ್ಣ ಬಿಂದುವಿಗೆ ತರಲು ಹೋದರೆ ಜೋಡಣೆ ತೀರಾ ಸೂಕ್ಷ್ಮವಾಗುತ್ತದೆ. ನಾಲ್ಕು ಕನ್ನಡಿಗಳ ಬೋ-ಟೈ ಜೋಡಣೆ ತಡೆದುಕೊಳ್ಳುತ್ತದೆ. ಬಿಂದು ಸಣ್ಣದಿರಲಿ, ಕನ್ನಡಿಯ ಮೇಲೆ ಮಾತ್ರ ಬೆಳಕು ಅಗಲವಾಗಿ ಬೀಳಲಿ. ಆಗ ಕಾವು ಹಂಚಿಹೋಗುತ್ತದೆ. ರೈಸ್ ಮಿಲ್ಲಿನ ತೌಡಿನ ಧೂಳು ಎಲ್ಲೆಲ್ಲಿ ನುಸುಳುತ್ತದೆಂದು ಕಂಡವನು ನೀನು. ಕನ್ನಡಿಯ ಮೇಲೆ ಅಂಥ ಒಂದು ಕಣ ಕೂತರೂ ಅದು ಸುಟ್ಟೀತು.

ನಮ್ಮೂರ ಕಡೆಯ ಎಡದಂಡೆ ಕಾಲುವೆಯ ಕೊನೆಭಾಗದಲ್ಲಿ ಹೊಲ ಇದ್ದವರಿಗೆ ಒಂದು ಮಾತು ಗೊತ್ತು: ಡ್ಯಾಮು ತುಂಬಿದ ಸುದ್ದಿಯಿಂದ ನೆಲ್ಲು ಬೆಳೆಯದು, ಗದ್ದೆಗೆ ನೀರು ಬರಬೇಕು. ಕ್ಯಾವಿಟಿಯೊಳಗೆ ಎಷ್ಟು ಕಿಲೋವ್ಯಾಟ್ ಕೂಡಿಟ್ಟೆ ಎಂಬುದು ಡ್ಯಾಮಿನ ಮಟ್ಟ. ಎಲೆಕ್ಟ್ರಾನಿನ ಗೊಂಚಲು ಅದೇ ಬಿಂದುವಿಗೆ, ಅದೇ ಗಳಿಗೆಗೆ ಬಾರದಿದ್ದರೆ ಅಷ್ಟೂ ಬೆಳಕು ಬರಿದೇ ಸುತ್ತುತ್ತದೆ. ಶ್ವಾಸಕೋಶದ ನವಿರು ಚಿತ್ರಕ್ಕಾಗಿ ಕಾದಿರುವ ಮಾದರಿಯ ಪಕ್ಕ ನಿಂತು ಅಳೆ. ಅಲ್ಲಿಗೆ ಎಷ್ಟು ಎಕ್ಸ್‌ರೇ ತಲುಪಿತೋ, ನಿನ್ನ ಕೆಲಸ ಅಷ್ಟೇ.