ದನಿ ಹೋದ ಮೇಲೆ ಕಲಿತದ್ದು

ಮೇಷ್ಟ್ರ ಕೆಲಸ ಆರಾಮದ್ದು, ಬೇಸಿಗೆಗೊಂದು ದಸರೆಗೊಂದು ರಜೆ ಎಂಬ ಮಾತನ್ನು ಬಸ್ಸಿನಲ್ಲಿ, ಮದುವೆ ಮನೆಗಳಲ್ಲಿ ಎಷ್ಟೋ ಸಲ ಕೇಳಿದ್ದೇನೆ. ತುಮಕೂರು ಜಿಲ್ಲೆಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಬಹಳ ವರ್ಷಗಳಿಂದ ಪಾಠ ಮಾಡುತ್ತಿರುವವಳು ನಾನು. ಈ ಕೆಲಸದಲ್ಲಿ ದಣಿವು ನಿಜವಾಗಿ ಎಲ್ಲಿಂದ ಬರುತ್ತದೆ ಎಂದು ಕೂತು ಯೋಚಿಸಲು ನನಗೂ ಬಿಡುವು ಸಿಕ್ಕಿದ್ದು ದನಿ ಹೋದಾಗಲೇ.

ಮೊದಮೊದಲು ಶನಿವಾರದ ಹೊತ್ತಿಗೆ ಗಂಟಲು ಕಟ್ಟುತ್ತಿತ್ತು, ಸೋಮವಾರ ಸರಿಹೋಗುತ್ತಿತ್ತು. ಶೀಟಿನ ಮಾಡಿನ ಕೊಠಡಿ. ಮಳೆ ಬಂದರೆ ಹಿಂದಿನ ಸಾಲಿಗೆ ಕೇಳಬೇಕೆಂದು ಕೂಗಬೇಕು. ಸಹೋದ್ಯೋಗಿಗಳು ಅನ್ಯ ಕರ್ತವ್ಯದ (ಒಒಡಿ) ಮೇಲೆ ತರಬೇತಿಗೆ ಹೋದ ದಿನ ಎರಡು ತರಗತಿ ಸೇರಿಸಿ ಕೂರಿಸಬೇಕು. ಒಂದು ವರ್ಷ ಸೋಮವಾರವೂ ದನಿ ಬರಲಿಲ್ಲ. ಕಿವಿ ಮೂಗು ಗಂಟಲು ವೈದ್ಯರು ನೋಡಿ, ಧ್ವನಿತಂತುಗಳ ಮೇಲೆ ಗಂಟು ಕಟ್ಟಿದೆ, ಹಾಡುವವರಿಗೂ ಪಾಠ ಮಾಡುವವರಿಗೂ ಇದು ಹೆಚ್ಚು ಎಂದರು. ಮಾತು ಪೂರ್ತಿ ನಿಲ್ಲಿಸಬೇಕು, ಪಿಸುಮಾತು ಕೂಡದು, ಅದರಿಂದಲೂ ತಂತುಗಳಿಗೆ ಆಯಾಸವಾಗುತ್ತದೆ ಎಂದು ತಿಳಿಸಿದರು. ಮನೆಯಲ್ಲಿ ಮಗಳಿಗೆ ಹೇಳಬೇಕಾದ್ದನ್ನೆಲ್ಲ ಸ್ಲೇಟಿನ ಮೇಲೆ ಬರೆದು ತೋರಿಸಿದೆ. ಅವಳು ಓದಿ, ಅಮ್ಮ ಇಷ್ಟು ಹೊತ್ತು ನನ್ನ ಪಕ್ಕ ಕೂತೇ ಇರಲಿಲ್ಲ ಅಂದಳು. ಆ ಮಾತು ಇವತ್ತಿಗೂ ಮನಸ್ಸಿನಲ್ಲಿದೆ.

ಮಾತಿಲ್ಲದೆ ಕೂತಿದ್ದ ಆ ದಿನಗಳಲ್ಲಿ ನನ್ನ ವಾರವನ್ನು ಒಂದು ಹಾಳೆಯ ಮೇಲೆ ಬರೆದು ನೋಡಿದೆ. ಪಾಠ ಮಾಡುವ ಹೊತ್ತು ನಾನೆಣಿಸಿದ್ದಕ್ಕಿಂತ ಕಡಿಮೆ ಇತ್ತು. ಉಳಿದದ್ದೆಲ್ಲ ಅದರ ಸುತ್ತಲಿನ ಕೆಲಸ. ಕ್ಷೀರಭಾಗ್ಯದ ಹಾಲಿನ ಪುಡಿಯ ಲೆಕ್ಕ, ಬಿಸಿಯೂಟದ ಅಕ್ಕಿ ಬೇಳೆಯ ರಿಜಿಸ್ಟರ್, ಮೊಟ್ಟೆ ತಿನ್ನುವವರೆಷ್ಟು, ಬಾಳೆಹಣ್ಣು ಕೇಳುವವರೆಷ್ಟು, ಸ್ಯಾಟ್ಸ್‌ ತಂತ್ರಾಂಶದಲ್ಲಿ ಹಾಜರಾತಿ, ಎಫ್‌ಎ ಪರೀಕ್ಷೆಯ ಅಂಕಗಳ ನಮೂದು, ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯ ನಡಾವಳಿ, ಅದರ ಮೇಲೆ ಮತಗಟ್ಟೆ ಮಟ್ಟದ ಅಧಿಕಾರಿ (ಬಿಎಲ್‌ಒ) ಆಗಿ ಮತದಾರರ ಪಟ್ಟಿಯ ಪರಿಷ್ಕರಣೆ. ನಮ್ಮ ಶಾಲೆಯ ಮಕ್ಕಳಿಗೆ ಹಾಲು, ಮೊಟ್ಟೆ ಸಿಗುವುದು ನನಗೆ ತುಂಬಾ ಸಂತೋಷದ ಸಂಗತಿ. ಖಾಲಿ ಹೊಟ್ಟೆಯಲ್ಲಿ ಬಂದು ಪ್ರಾರ್ಥನೆಗೆ ನಿಂತಾಗಲೇ ತಲೆಸುತ್ತಿ ಬೀಳುತ್ತಿದ್ದ ಮಕ್ಕಳನ್ನು ಕಂಡವಳು ನಾನು. ಆದರೆ ಅದರ ಲೆಕ್ಕ ಬರೆಯಲು ಶಾಲೆಗೊಬ್ಬ ಗುಮಾಸ್ತರನ್ನು ಕೊಟ್ಟಿದ್ದರೆ ಆ ಹೊತ್ತು ಗಣಿತಕ್ಕೆ ಉಳಿಯುತ್ತಿತ್ತು.

2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಕಲಂ, ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಈ ಮೂರನ್ನು ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎನ್ನುತ್ತದೆ. ಅದೇ ಕಾಯ್ದೆಯ ಅನುಸೂಚಿಯಲ್ಲಿ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದಿದೆ, ಪಾಠದ ತಯಾರಿಯೂ ಅದರೊಳಗೇ ಸೇರಿದೆ. ನಮ್ಮಲ್ಲಿ ಬಹಳಷ್ಟು ಜನಕ್ಕೆ ಈ ಎರಡನೆಯದು ಗೊತ್ತೇ ಇಲ್ಲ. ತಯಾರಿ ಎಂದರೆ ರಾತ್ರಿ ಊಟವಾದ ಮೇಲೆ ಮಾಡುವ ಕೆಲಸ ಎಂದೇ ನಂಬಿದ್ದೇವೆ. ಕಾಯ್ದೆ ಹೀಗಿದ್ದೂ 2025ರಲ್ಲಿ ರಾಜ್ಯ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆಗಾಗಿ ದಸರಾ ರಜೆಯಲ್ಲಿ 60 ಪ್ರಶ್ನೆಗಳನ್ನು ಹಿಡಿದು ಮನೆಮನೆ ತಿರುಗಿದೆವು. ಸಮೀಕ್ಷೆ ಮುಗಿಯದೆ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಬೇಕಾಯಿತು. ಆ ಮಾಹಿತಿ ರಾಜ್ಯಕ್ಕೆ ಬೇಕಿರಬಹುದು. ಆದರೆ ರಜೆ ಮುಗಿಸಿ ದಣಿದೇ ತರಗತಿಗೆ ಬಂದ ಶಿಕ್ಷಕರ ಎದುರು ಕೂತದ್ದು ಮಕ್ಕಳು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು ಕೆಲಸಕ್ಕೆ ಸಂಬಂಧಿಸಿದ ಸ್ಥಿತಿ ಎಂದು ಗುರುತಿಸಿ ಮೂರು ಲಕ್ಷಣ ಹೇಳಿತು: ಶಕ್ತಿಯೆಲ್ಲ ಬತ್ತಿದಂತಾಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ್ದೇನೂ ಫಲ ಕೊಡುತ್ತಿಲ್ಲ ಅನ್ನಿಸುವುದು. ನನ್ನ ಅನುಭವದಲ್ಲಿ ಎರಡನೆಯದೇ ಅಪಾಯಕಾರಿ. ದಣಿವಾದರೆ ನಿದ್ದೆಯಿಂದ ಅಷ್ಟಿಷ್ಟು ಹೋಗುತ್ತದೆ. ಮಗು ಪುಸ್ತಕ ಹಿಡಿದು ಓಡಿ ಬಂದಾಗ ನಮ್ಮ ಮುಖ ಅರಳುವುದು ನಿಂತುಹೋದರೆ ಅದನ್ನು ಮರಳಿ ಪಡೆಯಲು ಬಹಳ ಕಾಲ ಬೇಕು.

ದನಿ ತಿರುಗಿ ಬಂದ ಮೇಲೆ ನಮ್ಮ ಮುಖ್ಯ ಶಿಕ್ಷಕರ ಹತ್ತಿರ ಆ ಹಾಳೆ ತೆಗೆದುಕೊಂಡು ಹೋದೆ. ನಿವೃತ್ತಿಗೆ ಹತ್ತಿರವಿದ್ದ ಹಿರಿಯರು ಅವರು. ಓದಿ ಮುಗಿಸಿ, ‘ಮೇಡಂ, ನೀವು ಬರದಿದ್ದ ದಿನವೂ ಶಾಲೆ ನಡೀಬೇಕು. ಹಂಗೆ ಮಾಡ್ಕೊಳ್ಳೋಣ’ ಅಂದರು. ಒಬ್ಬರ ತಲೆಯ ಮೇಲಿದ್ದ ರಿಜಿಸ್ಟರುಗಳು ತಿಂಗಳ ಸರದಿಯಲ್ಲಿ ಎಲ್ಲರ ಕೈಗೂ ಹೋದವು. ಸ್ಯಾಟ್ಸ್ ಕೆಲಸವನ್ನು ಇಬ್ಬರಾದರೂ ಕಲಿತಿರಬೇಕು ಎಂದಾಯಿತು. ಸಂಜೆ ಏಳರ ನಂತರ ವಾಟ್ಸಾಪ್ ಗುಂಪಿನಲ್ಲಿ ಬರುವ ‘ತುರ್ತು, ಇಂದೇ ಸಲ್ಲಿಸಿ’ಗಳನ್ನು ಬೆಳಿಗ್ಗೆ ನೋಡುವುದು, ನಿಜವಾಗಿ ತುರ್ತಿದ್ದರೆ ಮುಖ್ಯ ಶಿಕ್ಷಕರೇ ಫೋನ್ ಮಾಡುವುದು ಎಂದು ಮಾತಾಯಿತು. ಅಂಥ ಫೋನ್ ಬಂದದ್ದು ಬಹಳ ಅಪರೂಪ.

ನೋಟ್‌ಬುಕ್‌ಗಳ ಚೀಲ ಮನೆಗೆ ಬರುವುದು ನಿಂತಿತು. ದಿನಕ್ಕೊಂದು ಸಾಲಿನ ಮಕ್ಕಳದ್ದನ್ನು ತರಗತಿಯಲ್ಲೇ, ಮಗುವನ್ನು ಪಕ್ಕಕ್ಕೆ ಕರೆದು ತಿದ್ದುತ್ತೇನೆ. ರಾತ್ರಿ ಕೆಂಪು ಪೆನ್ನಿನಲ್ಲಿ ಹಾಕಿದ ಗುರುತನ್ನು ಮಕ್ಕಳು ತಿರುಗಿಯೂ ನೋಡುತ್ತಿರಲಿಲ್ಲ; ಈಗ ಲೆಕ್ಕ ಎಲ್ಲಿ ತಪ್ಪಿತೆಂದು ಎದುರಿಗೇ ಗೊತ್ತಾಗುತ್ತದೆ. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯಲ್ಲಿ ಮಕ್ಕಳು ಗುಂಪು ಗುಂಪಾಗಿ ಕಾರ್ಡು ಹಿಡಿದು ಕಲಿಯುವುದನ್ನು ನೋಡಿದ್ದೆ. ಅದನ್ನೇ ಐದನೇ ತರಗತಿಗೂ ತಂದೆ. ಒಂದು ಗುಂಪಿನ ಹತ್ತಿರ ಕೂತು ಮಾತಾಡಿದರೆ ಕೂಗುವ ಅಗತ್ಯವೇ ಬೀಳುವುದಿಲ್ಲ. ಗದ್ದಲ ಹೆಚ್ಚಾದರೆ ಚಪ್ಪಾಳೆಯ ತಾಳವಿದೆ.

ಶಿಕ್ಷಕಿಯರ ವಿಷಯದಲ್ಲಿ ಒಂದನ್ನು ಬಿಡಿಸಿಯೇ ಹೇಳಬೇಕು. ಶಾಲೆಯ ಭಾರ ಎಷ್ಟೇ ಇಳಿದರೂ ಮನೆಯಲ್ಲಿ ಎರಡನೇ ಪಾಳಿ ಕಾದಿದ್ದರೆ ಸಮತೋಲನ ಎಂಬುದಿಲ್ಲ. ನನ್ನ ಗಂಡ ಸಂಜೆಯ ಅಡುಗೆ ವಹಿಸಿಕೊಂಡ ಮೇಲೆಯೇ ಮಗಳ ಪಕ್ಕ ಕೂರಲು ನನಗೆ ಹೊತ್ತು ಸಿಕ್ಕಿದ್ದು. ಒತ್ತಡ ನಿರ್ವಹಣೆಯ ತರಬೇತಿ, ಧ್ಯಾನದ ಶಿಬಿರ ಇವೆಲ್ಲ ಒಳ್ಳೆಯವೇ. ಆದರೆ ಕೆಲಸ ಹಂಚಿಕೊಳ್ಳುವ ಒಬ್ಬ ಮನುಷ್ಯ ಮಾಡುವಷ್ಟನ್ನು ಅವು ಮಾಡಲಾರವು.

ಏಕೋಪಾಧ್ಯಾಯ ಶಾಲೆಯಲ್ಲಿರುವ ನನ್ನ ಗೆಳತಿಗೆ ಈ ಯಾವ ಉಪಾಯವೂ ಕೆಲಸಕ್ಕೆ ಬರುವುದಿಲ್ಲ. ಹಂಚಿಕೊಳ್ಳಲು ಅಲ್ಲಿ ಇನ್ನೊಬ್ಬರಿಲ್ಲ. ಅವಳು ರಜೆ ಹಾಕಬೇಕೆಂದರೆ ಪಕ್ಕದ ಶಾಲೆಯಿಂದ ಯಾರಾದರೂ ಬರಬೇಕು. ಅಲ್ಲಿ ಬೇಕಾದದ್ದು ನೇಮಕಾತಿ. ಅದನ್ನು ಸರ್ಕಾರವೇ ಮಾಡಬೇಕು.

ಮುಖ್ಯ ಶಿಕ್ಷಕರಲ್ಲಿ ನನ್ನದೊಂದು ವಿನಂತಿ: ಈ ತಿಂಗಳ ಸಭೆಯಲ್ಲಿ ಯಾರ ಕೈಯಲ್ಲಿ ಎಷ್ಟು ರಿಜಿಸ್ಟರುಗಳಿವೆ ಎಂದು ಒಮ್ಮೆ ಕೇಳಿ ನೋಡಿ. ಹೊಸದಾಗಿ ಸೇರಿದ ಶಿಕ್ಷಕರೇ, ನಿಮಗೊಂದು ಮಾತು: ನೀರಿನ ಬಾಟಲಿ ಮೇಜಿನ ಮೇಲಿರಲಿ, ಗಂಟಲು ಒಡೆದು ಮೂರು ವಾರವಾದರೂ ಸರಿಹೋಗದಿದ್ದರೆ ಬೇಸಿಗೆ ರಜೆಗೆಂದು ಮುಂದೂಡದೆ ವೈದ್ಯರಿಗೆ ತೋರಿಸಿ.